ಸವೆದ ಹಲ್ಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಇವತ್ತು ಸ್ವಲ್ಪ ಲೆಕ್ಕ ಇದೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರವೊಂದರ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯಿತು ಅಂದುಕೊಳ್ಳಿ. ಯಂತ್ರ ಹಳೆಯದು, ಬಿಡಿಭಾಗ ಅಂಗಡಿಯಲ್ಲಿಲ್ಲ. ಒಂದೇ ಒಂದು ಗೇರು ಅಂದರೆ ದೊಡ್ಡ ವರ್ಕ್‌ಶಾಪಿನವರು ಮುಖ ತಿರುಗಿಸುತ್ತಾರೆ. ಮೇಕರ್‌ಸ್ಪೇಸ್ ಇರುವುದು ಈ 'ಒಂದೇ ಒಂದು' ಕೆಲಸಕ್ಕೆ. ತ್ರೀಡಿ ಪ್ರಿಂಟರ್, ಲೇಸರ್ ಕಟರ್, ಡ್ರಿಲ್ಲು ಎಲ್ಲವನ್ನೂ ಹತ್ತಾರು ಜನ ಹಂಚಿಕೊಂಡು ಬಳಸುವ ಜಾಗ ಅದು. ಇದು ಮಹಾನಗರಕ್ಕೇ ಸೇರಿದ್ದು ಅನ್ನಬೇಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೂಡಿದ, ಇಂಥದ್ದೇ ಹಂಚಿಕೆಯ ಕಾರ್ಯಾಗಾರವಾದ ಫ್ಯಾಬ್ ಲ್ಯಾಬ್ ಕಲ್ಪನೆ 2002ರ ಹೊತ್ತಿಗೇ ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಗೆ, ಅಲ್ಲಿನ ವಿಜ್ಞಾನ ಆಶ್ರಮಕ್ಕೆ ಬಂದಿತ್ತು.

ಈಗ ಗೇರಿಗೆ ಬರೋಣ. ಮೊದಲು ಹಲ್ಲು ಎಣಿಸಿ, ಮುರಿದದ್ದನ್ನೂ ಸೇರಿಸಿ. 24 ಅನ್ನೋಣ. ವರ್ನಿಯರ್ ಅಳತೆಪಟ್ಟಿಯಲ್ಲಿ ಹೊರವ್ಯಾಸ ಅಳೆಯಿರಿ. ಅದನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿದ್ದರಿಂದ, ಅಂದರೆ 26ರಿಂದ ಭಾಗಿಸಿದರೆ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರ ಹೇಳುವ ಅಂಕಿ, ಸಿಗುತ್ತದೆ. ಹೊಸ ಗೇರಾದರೆ 52 ಮಿಲಿಮೀಟರ್, ಮಾಡ್ಯೂಲ್ 2. ಸವೆದದ್ದು 51.4 ತೋರಿಸಬಹುದು. ಎಡವುವುದು ಇಲ್ಲೇ. ಸವಕಲನ್ನೇ ನಕ್ಷೆಗೆ ಇಳಿಸಿದರೆ ಹೊಸ ಗೇರು ಹುಟ್ಟುವಾಗಲೇ ಸವೆದಿರುತ್ತದೆ! ಅನುಮಾನವಿದ್ದರೆ ಎರಡು ಶಾಫ್ಟ್‌ಗಳ ನಡುವಿನ ದೂರ ನೋಡಿ. ಎರಡೂ ಗೇರಿನ ಹಲ್ಲು ಕೂಡಿಸಿ, ಮಾಡ್ಯೂಲ್‌ನಿಂದ ಗುಣಿಸಿ, ಅರ್ಧ ಮಾಡಿದರೆ ಆ ದೂರ ಸಿಗುತ್ತದೆ. ಜೋಡಿ ಗೇರಿಗೆ 48 ಹಲ್ಲಿದ್ದರೆ ಅದು 72 ಮಿಲಿಮೀಟರ್ ಇರಬೇಕು.

ಶಾಫ್ಟ್ 12 ಮಿಲಿಮೀಟರ್ ಇದ್ದರೆ ತೂತನ್ನು 12.3ಕ್ಕೆ ಬರೆಯಿರಿ, ಪ್ರಿಂಟರಿನಲ್ಲಿ ತೂತು ಸಾಮಾನ್ಯವಾಗಿ ಕಿರಿದಾಗಿಯೇ ಬರುತ್ತದೆ. ಇಡೀ ಗೇರು ಅಚ್ಚು ಹಾಕುವ ಮೊದಲು ತೂತಿನಷ್ಟಕ್ಕೇ ತೆಳ್ಳನೆಯ ಬಳೆಯೊಂದನ್ನು ತೆಗೆದು ಶಾಫ್ಟಿಗೆ ತೊಡಿಸಿ ನೋಡಿ. ಪ್ರಿಂಟರ್ ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಕೂಡಿಸುತ್ತದೆ, ಆದ್ದರಿಂದ ಗೇರನ್ನು ಮಲಗಿಸಿಯೇ ಅಚ್ಚು ಹಾಕಬೇಕು. ನಿಲ್ಲಿಸಿದರೆ ಪದರದ ಗೆರೆ ಹಲ್ಲಿನ ಬುಡದಲ್ಲೇ ಹಾದು, ಭಾರ ಬಿದ್ದಾಗ ಹಲ್ಲು ಪದರದಿಂದ ಕಿತ್ತು ಬರುತ್ತದೆ. ಹೊರಗೋಡೆ ನಾಲ್ಕೈದು ಸುತ್ತು ಇರಲಿ.

ವಸ್ತುವಿನ ವಿಷಯ ಮರೆಯಬೇಡಿ. ಎಲ್ಲರೂ ಮೊದಲು ಕಲಿಯುವುದು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ. ಅಳತೆ ನೋಡಲು ಅದು ಚೆನ್ನ, ಆದರೆ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಗೂಡು ಬೇಯಿಸುವ ತೊಟ್ಟಿಯ ಪಕ್ಕ ಅದಕ್ಕೆ ಆಯುಸ್ಸಿಲ್ಲ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಸುಮಾರು 80 ಡಿಗ್ರಿಯವರೆಗೆ ತಡೆಯುತ್ತದೆ. ಸವೆತಕ್ಕೆ ನೈಲಾನ್ ವಾಸಿ, ಆದರೆ ಅದು ಗಾಳಿಯ ತೇವ ಹೀರುತ್ತದೆ. ಒಣಗಿಸದೆ ಹಾಕಿದರೆ ಚಟಪಟ ಸದ್ದು ಮಾಡುತ್ತಾ ಗುಳ್ಳೆಗುಳ್ಳೆಯಾಗಿ ಬರುತ್ತದೆ.

ಲೇಸರ್ ಕಟರಿಗೆ ಒಂದೇ ಮಾತು: ಪಿವಿಸಿ ಹಾಳೆ ಇಡಲೇಬೇಡಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಶ್ವಾಸಕೋಶಕ್ಕೂ ಯಂತ್ರಕ್ಕೂ ಕೇಡು.

ನೂಲು ಬಿಚ್ಚುವ ಪಕ್ಕದ ರೀಲರ್ 'ನನಗೂ ಒಂದು ಮಾಡಿಕೊಡಪ್ಪಾ' ಅಂದರೆ ಬೆಲೆ ಎಷ್ಟು? ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ತಂತಿ ಕಿಲೋಗೆ 1,200 ರೂಪಾಯಿ ಅಂತ ಹಿಡಿದರೆ 30 ಗ್ರಾಂಗೆ 36 ರೂಪಾಯಿ. ಬಹಳ ಜನ ಇಲ್ಲಿಗೇ ನಿಲ್ಲಿಸಿ ನೂರಕ್ಕೆ ಮಾರಿಬಿಡುತ್ತಾರೆ. ಯಂತ್ರದ ಬಾಡಿಗೆ ಗಂಟೆಗೆ 40ರಂತೆ ಮೂರು ಗಂಟೆಗೆ 120, ಒಟ್ಟು 156. ನಾಲ್ಕರಲ್ಲಿ ಒಂದು ಕೆಡುತ್ತದೆ ಅಂದುಕೊಂಡರೆ ನಾಲ್ಕರ ಖರ್ಚನ್ನು ಮೂರೇ ಹೊರಬೇಕು, ಅಸಲೇ 208. ನಿಮ್ಮ ಕೂಲಿ ಇನ್ನೂ ಸೇರಿಲ್ಲ.

ಇದನ್ನೇ ಕಸುಬು ಮಾಡಿಕೊಳ್ಳುವವರು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ ಮಾಡಿಸಿ. ಸರ್ಕಾರದ ಪೋರ್ಟಲ್‌ನಲ್ಲಿ ಅದಕ್ಕೆ ಶುಲ್ಕವಿಲ್ಲ. ಶುಲ್ಕ ಕಟ್ಟಿ ಅನ್ನುವ ಪುಟ ತೆರೆದರೆ ನೀವು ಬೇರೆಲ್ಲೋ ಹೋಗಿದ್ದೀರಿ.