ಪಾಠ ಬಿಡದ ಪ್ರಧಾನಿ

ಕೇಳುಗರಿಗೆ ನಮಸ್ಕಾರ.

ಪ್ರಧಾನಿಯಾದ ಮೇಲೂ ಕಾಲೇಜಿಗೆ ಹೋಗಿ ಪಾಠ ಮಾಡುವವರು ಎಲ್ಲಾದರೂ ಇದ್ದಾರಾ? ಇಟಲಿಯಲ್ಲಿ ಒಬ್ಬರಿದ್ದರು. ಆಲ್ಡೊ ಮೊರೊ. 1916ರಲ್ಲಿ ದಕ್ಷಿಣದ ಮಾಲ್ಯೆ ಎಂಬ ಊರಿನಲ್ಲಿ ಹುಟ್ಟಿದರು. ಬಾರಿಯಲ್ಲಿ ಕಾನೂನು ಓದಿ, ಅಲ್ಲೇ ಮೇಷ್ಟರಾದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಂವಿಧಾನ ಬರೆಯುವ ಸಭೆಗೆ ಆರಿಸಿ ಬಂದರು. ಆಗ ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಆ ಸಂವಿಧಾನದ 27ನೇ ವಿಧಿ ಹೇಳುತ್ತದೆ: ಶಿಕ್ಷೆ ಅನ್ನುವುದು ತಪ್ಪು ಮಾಡಿದವನನ್ನು ತಿದ್ದುವಂತಿರಬೇಕು. ನಮ್ಮ ಭಾಷೆಯಲ್ಲಿ ಶಿಕ್ಷೆ, ಶಿಕ್ಷಣ ಎರಡಕ್ಕೂ ಬೇರು ಒಂದೇ, ಅಲ್ವಾ? ಮೊರೊ ಪಾಠ ಮಾಡುತ್ತಿದ್ದದ್ದೂ ಇದನ್ನೇ. ಮರಣದಂಡನೆ ಬೇಡ, ಸಾಯುವ ತನಕ ಜೈಲಿನಲ್ಲಿಡುವುದೂ ಕ್ರೂರವೇ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು.

ನ್ಯಾಯ ಮಂತ್ರಿ, ಶಿಕ್ಷಣ ಮಂತ್ರಿ, ಎರಡೂ ಆಯಿತು. 1963ರಲ್ಲಿ ಪ್ರಧಾನಿಯಾದರು, ಮುಂದೆ ವಿದೇಶಾಂಗ ಮಂತ್ರಿಯೂ ಆದರು. ಅವರದು ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ. ಆದರೂ ಸಮಾಜವಾದಿಗಳನ್ನು ಜೊತೆಗೆ ಸೇರಿಸಿಕೊಂಡು ಸರ್ಕಾರ ಕಟ್ಟಿದರು. ಮುಂದೆ ಕಮ್ಯುನಿಸ್ಟರ ಜೊತೆಗೂ ಮಾತಿಗೆ ಕೂತರು. ಮೆಲುದನಿ, ಉದ್ದುದ್ದ ವಾಕ್ಯ. ಕೇಳುವವರಿಗೆ ತಾಳ್ಮೆ ಬೇಕಿತ್ತು. ಆದರೆ ಎದುರಾಳಿಗಳನ್ನು ಒಂದೇ ಮೇಜಿಗೆ ತರುವ ಕೆಲಸ ಆ ನಿಧಾನದಿಂದಲೇ ಆಯಿತು ಅಂತ ನನಗನಿಸುತ್ತದೆ.

1978ರ ಮಾರ್ಚ್ 16. ಕಮ್ಯುನಿಸ್ಟರ ಬೆಂಬಲ ಪಡೆದ ಹೊಸ ಸರ್ಕಾರ ಅಂದು ಸಂಸತ್ತಿನಲ್ಲಿ ವಿಶ್ವಾಸಮತ ಕೇಳಬೇಕಿತ್ತು. ಮೊರೊ ಮನೆಯಿಂದ ಹೊರಟರು. ಚೀಲದಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳೂ ಇದ್ದವು. ರೋಮ್‌ನ ಫಾನಿ ರಸ್ತೆಯಲ್ಲಿ ರೆಡ್ ಬ್ರಿಗೇಡ್ಸ್ ಎಂಬ ಉಗ್ರ ಎಡಪಂಥೀಯ ಸಶಸ್ತ್ರ ಗುಂಪಿನವರು ಐವರು ಅಂಗರಕ್ಷಕರನ್ನೂ ಕೊಂದು ಅವರನ್ನು ಹೊತ್ತೊಯ್ದರು.

ಐವತ್ತೈದು ದಿನ ಬಚ್ಚಿಟ್ಟರು. 'ಜನರ ನ್ಯಾಯಾಲಯ' ಎಂದು ತಾವೇ ಹೆಸರಿಟ್ಟುಕೊಂಡು ವಿಚಾರಣೆ ನಡೆಸಿದರು. ತೀರ್ಪು ಮರಣದಂಡನೆ. ಅಪರಾಧಿಯನ್ನೂ ಕೊಲ್ಲಬಾರದು ಎಂದು ಕಲಿಸಿದ ಮೇಷ್ಟರಿಗೆ!

ಮೊರೊ ಸೆರೆಯಿಂದಲೇ ಕಾಗದ ಬರೆದರು. ಕೈದಿಗಳನ್ನು ಬದಲು ಕೊಟ್ಟಾದರೂ ನನ್ನನ್ನು ಬಿಡಿಸಿ ಎಂದು ಕೇಳಿದರು. ಸರ್ಕಾರ ಜಗ್ಗಲಿಲ್ಲ. ಅವು ಅವರ ಸ್ವಂತ ಮಾತಲ್ಲ, ಒತ್ತಾಯಕ್ಕೆ ಬರೆದದ್ದು ಎಂದರು ಪಕ್ಷದವರೇ ಹಲವರು. ಆ ಕಾಗದಗಳನ್ನು ಓದಿದರೆ ನನಗೆ ಹಾಗನಿಸುವುದಿಲ್ಲ. ಅಲ್ಲೂ ವಕೀಲನ ವಾದವೇ ಇದೆ: ಒಂದು ಜೀವ ಉಳಿಸುವುದೂ ಸರ್ಕಾರದ ಧರ್ಮ.

ಮೇ 9ರಂದು ಕೆಂಪು ರೆನೋ ಕಾರಿನಲ್ಲಿ ಅವರ ಶವ ಸಿಕ್ಕಿತು. ಅವರ ಪಕ್ಷದ ಕಚೇರಿ, ಕಮ್ಯುನಿಸ್ಟರ ಕಚೇರಿ, ಎರಡೂ ಅಲ್ಲಿಗೆ ಹತ್ತಿರ. ಮನೆಯವರು ಸರ್ಕಾರಿ ಗೌರವ ಬೇಡವೆಂದು ತೊರ್ರಿಟಾ ಟಿಬೆರಿನಾ ಎಂಬ ಸಣ್ಣ ಊರಿನಲ್ಲಿ ಮಣ್ಣು ಮಾಡಿದರು. ಮೂರು ದಿನ ಬಿಟ್ಟು ರೋಮ್‌ನ ದೊಡ್ಡ ಚರ್ಚಿನಲ್ಲಿ ಪೂಜೆ ನಡೆಯಿತು. ಪೋಪ್ ಬಂದರು, ಮಂತ್ರಿಗಳೆಲ್ಲ ಬಂದರು. ಶವಪೆಟ್ಟಿಗೆ ಇರಲಿಲ್ಲ. ಮನೆಯವರೂ ಬರಲಿಲ್ಲ.

ನಮಸ್ಕಾರ.