ಅಟ್ಟದ ಮೇಲಿನ ಮುರುಗಲು ವಿನೆಗರ್

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿದ್ದರು. ಅವರ ಮನೆಯ ಅಟ್ಟದ ಮೇಲೆ ಒಂದು ಭರಣಿ ಮುರುಗಲು ಹಣ್ಣಿನ ವಿನೆಗರ್ ಇದೆ. ಬೇಸಿಗೆಯಲ್ಲಿ ಅವರೇ ಮಾಡಿಟ್ಟಿದ್ದು. "ಮಾರಾಯ್ತಿ, ನೀನು ಲ್ಯಾಬಿನಲ್ಲಿ ಕೆಲಸ ಮಾಡಿದವಳಲ್ವಾ, ಒಂದು ಮಾತು ಹೇಳು. ಹಣ್ಣಿನ ವಿನೆಗರ್ ಹಾಕಿದರೆ ಕ್ಯಾನ್ಸರ್ ಕೋಶ ಸಾಯುತ್ತೆ ಅಂತ ಲ್ಯಾಬಿನಲ್ಲಿ ಗೊತ್ತಾಗಿದೆಯಂತೆ. ಪಕ್ಕದ ಮನೆಯಾಕೆಗೆ ಕೀಮೋ ಶುರುವಾಗಿದೆ. ತುಂಬಾ ಸೋತುಹೋಗಿದ್ದಾಳೆ. ಅದನ್ನು ಬಿಟ್ಟು ಇದನ್ನೇ ಕುಡಿಯಲಾ ಅಂತ ಕೇಳ್ತಾಳೆ. ಭರಣಿ ಕೊಟ್ಟುಬಿಡಲಾ?"

ಕೊಡಬೇಡಿ ಚಿಕ್ಕಮ್ಮ, ಅಂದೆ. ಅವರಿಗೆ ಬೇಜಾರಾಯಿತು. ಯಾಕೆ ಬೇಡ ಅಂತ ಆವತ್ತು ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಕರೆಂಟೂ ಹೋಗಿತ್ತು, ಸಿಗ್ನಲ್ಲೂ ಹೋಯಿತು. ಇವತ್ತು ನಿಮ್ಮೆಲ್ಲರ ಎದುರು ಹೇಳುತ್ತೇನೆ.

ವಿನೆಗರ್ ಆಗುವುದು ಎರಡು ಹಂತದಲ್ಲಿ. ಮೊದಲು ಯೀಸ್ಟ್ ಹಣ್ಣಿನ ಸಿಹಿಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಆಮೇಲೆ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಹಾಯದಿಂದ ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ಅದಕ್ಕೇ ಭರಣಿಯ ಬಾಯಿಗೆ ಬಿಗಿ ಮುಚ್ಚಳ ಹಾಕದೆ ಬಟ್ಟೆ ಕಟ್ಟುವುದು. ಕೊಡಗಿನ ಕಾಚಂಪುಳಿಯನ್ನೂ ಕೆಲವರು ವಿನೆಗರ್ ಅನ್ನುತ್ತಾರೆ. ಆದರೆ ಅದು ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸಿದ್ದು. ಅದರ ಹುಳಿ ಹಣ್ಣಿನದೇ ಹುಳಿ. ಸಾಮಾನ್ಯ ವಿನೆಗರಿನಲ್ಲಿ ನೂರಕ್ಕೆ ನಾಲ್ಕೈದು ಭಾಗ ಅಸಿಟಿಕ್ ಆಮ್ಲ ಇರುತ್ತದೆ. ಈ ಆಮ್ಲವನ್ನು ನೆನಪಿಟ್ಟುಕೊಳ್ಳಿ.

ನಾನು ಓದುತ್ತಿದ್ದ ಕಾಲದ ಒಂದು ಘಟನೆ ಹೇಳಬೇಕು. ಸಾಗರದಿಂದ ತಂದ ಅನಾನಸಿನ ರಸದಲ್ಲಿ ವಿನೆಗರ್ ಮಾಡಿದ್ದೆ. ಅದನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವ ಆಸೆ. ಈ ಕೋಶಗಳನ್ನು ಬೆಳೆಸುವುದು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅದರಲ್ಲಿ 96 ಪುಟ್ಟ ಗುಳಿಗಳಿರುತ್ತವೆ. ನಮ್ಮ ಪಡ್ಡಿನ ಕಾವಲಿ ನೆನಪಾಗುತ್ತದೆ, ಆದರೆ ಒಂದೊಂದು ಗುಳಿಗೆ ನಾಲ್ಕೈದು ಹನಿ ಅಷ್ಟೇ ಹಿಡಿಸುವುದು. ಗುಳಿಯೊಳಗೆ ಕೋಶಗಳು, ಅವುಗಳ ಊಟಕ್ಕೆ ಗುಲಾಬಿ ಬಣ್ಣದ ದ್ರವ. ನಮ್ಮ ಮೈಯಷ್ಟೇ ಬಿಸಿ, ಅಂದರೆ 37 ಡಿಗ್ರಿಯ ಪೆಟ್ಟಿಗೆಯಲ್ಲಿ ತಟ್ಟೆಯನ್ನು ಇಡುತ್ತಾರೆ.

ವಿನೆಗರ್ ಹಾಕಿ ಒಂದು ದಿನ ಬಿಟ್ಟೆ. ಮರುದಿನ ಎಂಟಿಟಿ ಎಂಬ ಹಳದಿ ಬಣ್ಣದ ಪುಡಿಯನ್ನು ಕರಗಿಸಿ ಹಾಕಿದೆ. 1983ರಿಂದ ಬಳಕೆಯಲ್ಲಿರುವ ಪರೀಕ್ಷೆ ಇದು. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿಸುತ್ತದೆ. ಸತ್ತ ಕೋಶಕ್ಕೆ ಅದು ಆಗುವುದಿಲ್ಲ. ನನ್ನ ತಟ್ಟೆಯಲ್ಲಿ ವಿನೆಗರ್ ಬಿದ್ದ ಗುಳಿಗಳಲ್ಲಿ ನೇರಳೆ ಬಣ್ಣವೇ ಇರಲಿಲ್ಲ. ಎಲ್ಲಾ ಸತ್ತಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏನೋ ದೊಡ್ಡದು ಸಿಕ್ಕಿತು ಅಂದುಕೊಂಡೆ.

ಬೆಳಿಗ್ಗೆ ನಮ್ಮ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು. "ವಿನೆಗರ್ ಹಾಕಿದ ತಕ್ಷಣ ಗುಲಾಬಿ ದ್ರವ ಏನಾಯಿತು?" ಹಳದಿಯಾಗಿತ್ತು. ಆ ದ್ರವದಲ್ಲಿ ಫೀನಾಲ್ ರೆಡ್ ಎಂಬ ಬಣ್ಣ ಇರುತ್ತದೆ. ಹುಳಿ ಜಾಸ್ತಿಯಾದರೆ ಅದು ಹಳದಿಗೆ ತಿರುಗುತ್ತದೆ. ಅಂದರೆ ನನ್ನ ಕೋಶಗಳು ಹುಳಿಯಲ್ಲಿ ಮುಳುಗಿ ಸತ್ತಿದ್ದವು. ಅಷ್ಟು ಹುಳಿಯಲ್ಲಿ ನಮ್ಮ ಮೈಯ ಯಾವ ಕೋಶವೂ ತಟ್ಟೆಯಲ್ಲಿ ಬದುಕುವುದಿಲ್ಲ, ಚೆನ್ನಾಗಿರುವ ಕೋಶವೂ ಸಹ. ಕಡು ಉಪ್ಪುನೀರು ಹೊಯ್ದಿದ್ದರೂ ಸಾಯುತ್ತಿದ್ದವು. ಮೇಷ್ಟ್ರು ಹೇಳಿದಂತೆ ಹುಳಿಯನ್ನು ಮುರಿದು, ನಮ್ಮ ರಕ್ತದಲ್ಲಿರುವಷ್ಟಕ್ಕೆ, ಅಂದರೆ ಹುಳಿಯ ಅಳತೆಯಾದ ಪಿಎಚ್‌ನಲ್ಲಿ 7.4ಕ್ಕೆ ತಂದು ಮತ್ತೆ ಹಾಕಿದೆ. ಪಕ್ಕದ ಗುಳಿಗಳಿಗೆ ಬರೀ ಅಸಿಟಿಕ್ ಆಮ್ಲವನ್ನು ಅದೇ ರೀತಿ ಹದ ಮಾಡಿ ಹಾಕಿದೆ. ಈ ಸಲ ತಟ್ಟೆಯ ತುಂಬಾ ನೇರಳೆ. ಎರಡು ಸಾಲಿಗೂ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ.

ಮುರುಗಲಿಗೆ ಇನ್ನೊಂದು ತೊಡಕು ಇದೆ. ಅದರಂಥ ಕಡುಬಣ್ಣದ ಹಣ್ಣಿನ ರಸ ಕೋಶವೇ ಇಲ್ಲದ ಗುಳಿಯಲ್ಲೂ ಎಂಟಿಟಿಯನ್ನು ನೇರಳೆ ಮಾಡಬಹುದು. ಆಗ ಸತ್ತದ್ದೂ ಬದುಕಿದಂತೆ ಕಾಣುತ್ತದೆ. ಮುರುಗಲು ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ವಸ್ತುವಿದೆ. ಅದನ್ನು ಬೇರ್ಪಡಿಸಿ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷೆ ಮಾಡಿದ್ದಾರೆ, ಅದು ನಿಜ. ಆದರೆ ನೀರಿನಲ್ಲಿ ಅದು ಸರಿಯಾಗಿ ಕರಗುವುದಿಲ್ಲ. ಭರಣಿಯ ವಿನೆಗರನ್ನೂ ಲ್ಯಾಬಿನ ಗಾರ್ಸಿನಾಲನ್ನೂ ಒಂದೇ ಅನ್ನಲು ಬರುವುದಿಲ್ಲ.

ಹಾಗಾದರೆ ಗಿಡಮರಗಳಿಂದ ಕ್ಯಾನ್ಸರ್ ಔಷಧಿ ಸಿಗುವುದೇ ಇಲ್ಲವಾ? ಸಿಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಇದೆ. ಹೂ ಬಿಟ್ಟರೆ ಹತ್ತಿರ ಹೋಗಲು ಆಗುವುದಿಲ್ಲ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ವಸ್ತು ಇದೆ. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ನಮ್ಮ ದೇಶದಲ್ಲಿ ಹುಟ್ಟಿದ ಮನ್ಸುಖ್ ವಾನಿ ಅವರು ಇದನ್ನು ಒಂದು ಚೀನೀ ಮರದಿಂದ ಮೊದಲು ಬೇರ್ಪಡಿಸಿದರು. ಪರೀಕ್ಷೆಗಳಲ್ಲಿ ಅದ್ಭುತವಾಗಿ ಕೆಲಸ ಮಾಡಿತು. 70ರ ದಶಕದ ಶುರುವಿನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರೆ ಮೂತ್ರಕೋಶದಿಂದ ರಕ್ತ. ನಿಲ್ಲಿಸಬೇಕಾಯಿತು. ಅದರ ರೂಪವನ್ನು ತಿದ್ದಿ ಟೊಪೊಟೆಕಾನ್ ಎಂಬ ಔಷಧಿ ಒಪ್ಪಿಗೆ ಪಡೆದಿದ್ದು 1996ರಲ್ಲಿ. ಮೂವತ್ತು ವರ್ಷ ಬೇಕಾಯಿತು!

ಇನ್ನು ವಿನೆಗರ್ ಕುಡಿದರೆ ಏನಾಗುತ್ತದೆ? ಹೊಟ್ಟೆಯಲ್ಲಿ ಅದಕ್ಕಿಂತ ಗಟ್ಟಿಯಾದ ಆಮ್ಲ ಮೊದಲೇ ಇದೆ. ಒಳಗೆ ಹೋದ ಅಸಿಟಿಕ್ ಆಮ್ಲವನ್ನು ದೇಹ ಉಳಿದ ಆಹಾರದಂತೆ ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ರಕ್ತದ ಹುಳಿ ಬದಲಾಗದಂತೆ ಶ್ವಾಸಕೋಶ, ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ. ಕೋಶ ಸತ್ತ ಆ ಗುಳಿಯಂಥ ಸ್ಥಿತಿ ಗೆಡ್ಡೆಯ ಹತ್ತಿರ ಬರುವುದೇ ಇಲ್ಲ. ಕೀಮೋ ತೆಗೆದುಕೊಳ್ಳುವ ಅನೇಕರಿಗೆ ಬಾಯಲ್ಲಿ ಹುಣ್ಣಾಗುತ್ತದೆ. ಅದರ ಮೇಲೆ ವಿನೆಗರ್ ಬಿದ್ದರೆ ಆ ಉರಿ ಹೇಳತೀರದು. ಸಾರಿಗೆ, ಉಪ್ಪಿನಕಾಯಿಗೆ ಎಷ್ಟು ಬೇಕೋ ಅಷ್ಟು ಬಳಸಿ. ಕೀಮೋದ ಸುಸ್ತು, ವಾಂತಿಗೆ ಮದ್ದಿದೆ. ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬೇಕು.

ಆವತ್ತು ನನ್ನ ತಟ್ಟೆಯಲ್ಲಿದ್ದವು ಹೀಲಾ ಕೋಶಗಳು. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಗೆಡ್ಡೆಯಿಂದ 1951ರಲ್ಲಿ ತೆಗೆದವು. ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ. ಅದೇ ವರ್ಷ ಆಕೆ ತೀರಿಕೊಂಡರು, 31 ವರ್ಷ. ಆ ಕೋಶಗಳು ಪ್ರಪಂಚದ ಲ್ಯಾಬುಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ. ಆ ತಟ್ಟೆ ಹಿಡಿದಾಗಲೆಲ್ಲಾ ನನಗೆ ಆಕೆಯ ನೆನಪಾಗುತ್ತದೆ.

ಅದೇ ಗರ್ಭಕೊರಳಿನ ಕ್ಯಾನ್ಸರಿಗೆ ವಿನೆಗರಿನ ಆಮ್ಲ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕುಡಿಯುವುದಕ್ಕಲ್ಲ, ರೋಗವನ್ನು ಮೊದಲೇ ಹಿಡಿಯುವುದಕ್ಕೆ. ತರಬೇತಿ ಪಡೆದ ಸಿಸ್ಟರ್ ಮೂರರಿಂದ ಐದು ಭಾಗದ ಅಸಿಟಿಕ್ ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಗರ್ಭಕೊರಳಿಗೆ ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಡಲು ಶುರುವಾದ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಬೆಳ್ಳಗಾದದ್ದೆಲ್ಲಾ ಕ್ಯಾನ್ಸರ್ ಅಲ್ಲ, ಮುಂದಿನ ಪರೀಕ್ಷೆ ಬೇಕು ಅಂತ ಅಷ್ಟೇ. ಕ್ಯಾನ್ಸರ್ ಆಗುವ ಮೊದಲೇ ಸಿಕ್ಕರೆ ಆ ಜಾಗವನ್ನು ತಣ್ಣಗೆ ಹೆಪ್ಪುಗಟ್ಟಿಸಿಯೋ ಬಿಸಿ ತಾಗಿಸಿಯೋ ತೆಗೆದುಬಿಡಬಹುದು. ಇದನ್ನು ಮನೆಯಲ್ಲಿ ಯಾರೂ ಮಾಡಿಕೊಳ್ಳಬಾರದು, ದಯವಿಟ್ಟು.

ಮುಂಬೈನ ಟಾಟಾ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿದರು. ಪರೀಕ್ಷೆ ಮಾಡಿದವರು ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು. ಎರಡು ವರ್ಷಕ್ಕೊಮ್ಮೆ ನೋಡಿದರು. ಈ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ನೂರಕ್ಕೆ 31ರಷ್ಟು ಇಳಿಯಿತು ಅಂತ 2013ರಲ್ಲಿ ತಿಳಿಸಿದರು. ನನ್ನ ತಟ್ಟೆಯಲ್ಲಿ ಸತ್ತ ಕೋಶಗಳಿಗಿಂತ ಈ ಒಂದು ಲೆಕ್ಕ ನನಗೆ ದೊಡ್ಡದು. ಈಗ ಎಚ್‌ಪಿವಿ ಎಂಬ, ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸಿನ ಪರೀಕ್ಷೆ, ಅದಕ್ಕೆ ಲಸಿಕೆ ಕೂಡ ಬಂದಿವೆ. ಆದರೂ ಸರ್ಕಾರದ ತಪಾಸಣೆಯಲ್ಲಿ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಮಾಡುವುದು ಈ ಆಮ್ಲದ ಪರೀಕ್ಷೆಯನ್ನೇ. ಯಾವ ದಿನ, ಎಲ್ಲಿ ಅಂತ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಚಿಕ್ಕಮ್ಮನ ಪಕ್ಕದ ಮನೆಯಾಕೆ ಕೀಮೋ ಬಿಡಲಿಲ್ಲ. ಚಿಕ್ಕಮ್ಮನ ಸೊಸೆಗೆ 38 ವರ್ಷ. ನಾಚಿಕೆ ಅಂತ ಪರೀಕ್ಷೆಗೆ ಹೋಗಿರಲೇ ಇಲ್ಲ. ಕೊನೆಗೆ ಚಿಕ್ಕಮ್ಮನೇ ಜೊತೆಗೆ ಕರೆದುಕೊಂಡು ಹೋದರು. ಸಂಜೆ ಫೋನ್ ಬಂತು. "ಏನೂ ಬೆಳ್ಳಗಾಗಲಿಲ್ಲವಂತೆ ಕಣೇ, ಐದು ವರ್ಷ ಬಿಟ್ಟು ಬನ್ನಿ ಅಂದರು. ನಾನು ಬಾಗಿಲ ಹೊರಗೆ ಕೂತಿದ್ದೆ. ಒಳಗಿಂದ ನಮ್ಮ ಅಟ್ಟದ ಭರಣಿಯದೇ ವಾಸನೆ ಬಂತು."

ನಮಸ್ಕಾರ.