ಬೀಳದೇ ಉಳಿಯುವ ಕಸ

ಎಲ್ಲರಿಗೂ ನಮಸ್ಕಾರ.

ಬಾಹ್ಯಾಕಾಶದ ಕಸ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಅದು ನಮ್ಮ ತಲೆ ಮೇಲೆ ಬಿದ್ದರೆ?" ಹಾಗೆ ಬೀಳುವುದರಲ್ಲಿ ಹೆಚ್ಚಿನದು ಗಾಳಿಗೆ ಸಿಕ್ಕಿ ದಾರಿಯಲ್ಲೇ ಉರಿದುಹೋಗುತ್ತದೆ. ನನಗೆ ಭಯ ಬೀಳದೇ ಮೇಲೇ ಉಳಿಯುವ ಕಸದ್ದು.

2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ ಎರಡು ಉಪಗ್ರಹಗಳು ಡಿಕ್ಕಿ ಹೊಡೆದವು. ಒಂದು ಫೋನ್ ಕರೆಗಳನ್ನು ಸಾಗಿಸುತ್ತಿದ್ದ ಅಮೆರಿಕದ ಇರಿಡಿಯಂ 33. ಇನ್ನೊಂದು ರಷ್ಯಾದ ಕಾಸ್ಮೊಸ್ 2251. ಅದು ಎಂದೋ ಕೆಟ್ಟು ಸುಮ್ನೆ ಸುತ್ತುತ್ತಿತ್ತು. ಎರಡೂ ಎಲ್ಲಿವೆ ಅಂತ ನೆಲದಲ್ಲಿದ್ದವರಿಗೆ ಗೊತ್ತಿತ್ತು! ಲೆಕ್ಕದ ಪ್ರಕಾರ ನಡುವೆ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಅಂತರ ಉಳಿಯಬೇಕಿತ್ತು. ಆದರೆ ಆ ಲೆಕ್ಕವೇ ಅಷ್ಟು ದೂರ ತಪ್ಪಬಹುದಾಗಿತ್ತು. ಎರಡು ಉಪಗ್ರಹಗಳು ಹೋಗಿ, ರಾಡಾರಿಗೆ ಕಾಣುವಂಥ ಸುಮಾರು 2,000 ಚೂರುಗಳು ಉಳಿದವು.

ಕಾಣದ ಚೂರುಗಳ ಕಥೆ ಬೇರೆ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ವೇಗ ಸೆಕೆಂಡಿಗೆ 7ರಿಂದ 8 ಕಿಲೋಮೀಟರ್. 1983ರಲ್ಲಿ ಚಾಲೆಂಜರ್ ನೌಕೆಯ ಕಿಟಕಿಗೆ ಬಡಿದದ್ದು ಬಣ್ಣದ ಒಂದು ಚಕ್ಕೆ, ಅಷ್ಟೇ. ಗಾಜಿನಲ್ಲಿ ಗುಳಿ ಬಿತ್ತು, ಕಿಟಕಿಯನ್ನೇ ಬದಲಿಸಬೇಕಾಯಿತು. ಇಂಥ ಸಣ್ಣ ಪುಡಿಯನ್ನು ತಡೆಯಲು ನೌಕೆಗೆ ಕವಚ ಹಾಕಬಹುದು. 10 ಸೆಂಟಿಮೀಟರಿಗಿಂತ ದೊಡ್ಡದು ರಾಡಾರಿಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಬಹುದು. ಇವೆರಡರ ನಡುವಿನದ್ದೇ ಪೀಡೆ. ಕವಚ ತಡೆಯುವುದಿಲ್ಲ, ಹೆಚ್ಚಿನವು ರಾಡಾರಿಗೂ ಸಿಗುವುದಿಲ್ಲ. 1 ಸೆಂಟಿಮೀಟರಿಗಿಂತ ದೊಡ್ಡ ಚೂರುಗಳೇ 10 ಲಕ್ಷಕ್ಕೂ ಹೆಚ್ಚಿವೆ ಎಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಅಂದಾಜು ಮಾಡಿದೆ.

ಹಾಗಾದರೆ ಇವೆಲ್ಲ ಯಾವಾಗ ಕೆಳಗೆ ಬರುತ್ತವೆ? ಅದನ್ನು ಎತ್ತರ ಹೇಳುತ್ತದೆ. 300 ಕಿಲೋಮೀಟರಿನ ಹತ್ತಿರ ತೆಳ್ಳಗಾದರೂ ಗಾಳಿ ಇರುತ್ತದೆ, ಅದು ಕಸವನ್ನು ಎಳೆದು ಇಳಿಸುತ್ತದೆ. 2019ರಲ್ಲಿ ಭಾರತ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದದ್ದು ಅಷ್ಟು ಕೆಳಗೆ. ಹಾಗಾಗಿ ಹೆಚ್ಚಿನ ಚೂರುಗಳು ಬೇಗ ಉರಿದುಹೋದವು. ಕೆಲವು ಮಾತ್ರ ಮೇಲಕ್ಕೆ ಚಿಮ್ಮಿ ಸ್ವಲ್ಪ ಕಾಲ ಕಾಡಿದವು ಅನ್ನಿ. ಚೀನಾ 2007ರಲ್ಲಿ ತನ್ನ ಹಳೆಯ ಹವಾಮಾನ ಉಪಗ್ರಹವನ್ನು ಒಡೆದದ್ದು 850 ಕಿಲೋಮೀಟರಿನ ಆಸುಪಾಸಿನಲ್ಲಿ. ಲೆಕ್ಕಕ್ಕೆ ಸಿಕ್ಕ ಚೂರುಗಳೇ 3,000ಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ಇನ್ನೂ ಅಲ್ಲೇ ಇವೆ. ಒಡೆಯಲೇಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ, ಅದು ಯಾವ ದೇಶವೇ ಆಗಿರಲಿ.

ನಾಸಾದ ಡೊನಾಲ್ಡ್ ಕೆಸ್ಲರ್ 1978ರಲ್ಲೇ ಎಚ್ಚರಿಸಿದ್ದರು. ಒಂದು ಡಿಕ್ಕಿಯ ಚೂರು ಇನ್ನೊಂದಕ್ಕೆ ಬಡಿಯುತ್ತದೆ, ಅದರ ಚೂರು ಮತ್ತೊಂದಕ್ಕೆ. ಕೊನೆಗೆ ಹೊಸದೇನನ್ನೂ ಹಾರಿಸದಿದ್ದರೂ ಕಸ ತಾನೇ ಬೆಳೆಯುತ್ತದೆ.

ಇದಕ್ಕೆ ಒಂದು ದಾರಿ, ಕೆಲಸ ಮುಗಿದ ಉಪಗ್ರಹವನ್ನು ಇಳಿಸಿಬಿಡುವುದು. ಅದಕ್ಕೆ ಇಂಧನ ಉಳಿಸಿಡಬೇಕು. ಅದೇ ಇಂಧನದಲ್ಲಿ ಇನ್ನೊಂದಿಷ್ಟು ಕಾಲ ದುಡಿಸಬಹುದಲ್ವಾ ಅನ್ನುವ ಆಸೆ ಯಾರಿಗಿಲ್ಲ? 2012ರ ಏಪ್ರಿಲ್‌ನಲ್ಲಿ ಯುರೋಪಿನ ಎನ್ವಿಸ್ಯಾಟ್ ಉಪಗ್ರಹದ ಜೊತೆ ಸಂಪರ್ಕ ಒಮ್ಮೆಗೇ ಕಡಿದುಹೋಯಿತು. ಇಳಿಯಲು ಆಜ್ಞೆ ಕೊಟ್ಟರೂ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ. 8 ಟನ್ ತೂಕದ ಅದು ಸುಮಾರು 770 ಕಿಲೋಮೀಟರ್ ಎತ್ತರದಲ್ಲಿ, 2009ರ ಡಿಕ್ಕಿಯ ಚೂರುಗಳ ನಡುವೆಯೇ ಸುತ್ತುತ್ತಿದೆ.